ಸಾಲಿಡ್ ಸ್ಟೇಟ್ ಡ್ರೈವ್: ಬೆಲೆ, ಗುಣ ಮತ್ತು ಬಾಳಿಕೆಯ ಚಾರಿತ್ರಿಕ ಅವಲೋಕನ

ಮಾಹಿತಿಯನ್ನು ಕಾಪಿಡುವ ಸಾಧನಗಳ ಚರಿತ್ರೆಯನ್ನು ಇದುವರೆಗೆ ಮುಖ್ಯವಾಗಿ ಎರಡು ನೆಲೆಗಳಿಂದ ಬರೆಯಲಾಗಿದೆ. ತಂತ್ರಜ್ಞಾನದ ಚರಿತ್ರೆಕಾರರು ಸಾಧನದ ವೇಗ ಮತ್ತು ಸಾಮರ್ಥ್ಯಗಳಿಗೆ ಒತ್ತು ನೀಡಿದರೆ, ವ್ಯಾಪಾರದ ವಿಶ್ಲೇಷಕರು ಬೆಲೆಯ ಏರಿಳಿತವನ್ನು ಗಮನಿಸಿದ್ದಾರೆ. ಕಾಪಿಡುವುದೇ ಉದ್ದೇಶವಾಗಿರುವ ವಸ್ತುವೊಂದು ಎಷ್ಟು ಕಾಲ ಕಾಪಿಡಬಲ್ಲದು ಎಂಬ ಪ್ರಶ್ನೆ ಈ ಎರಡೂ ನೆಲೆಗಳಲ್ಲಿ ಹಿಂದೆ ಸರಿದಿದೆ. ಜಾನಪದ ಅಧ್ಯಯನಕ್ಕೆ ಈ ಪ್ರಶ್ನೆ ಹೊರಗಿನದಲ್ಲ. ಕ್ಷೇತ್ರಕಾರ್ಯದಲ್ಲಿ ಸಂಗ್ರಹಿಸಿದ ಹಾಡು, ಕಥನ, ಆಚರಣೆಗಳ ಧ್ವನಿ ಮತ್ತು ದೃಶ್ಯ ದಾಖಲೆಗಳು ಮೇಣದ ಕೊಳವೆಯಿಂದ ಸ್ಪೂಲ್ ಟೇಪಿಗೂ, ಅಲ್ಲಿಂದ ಕ್ಯಾಸೆಟ್ಟಿಗೂ, ಕ್ಯಾಸೆಟ್ಟಿನಿಂದ ಹಾರ್ಡ್ ಡಿಸ್ಕಿಗೂ ಸಾಗಿ, ಕಳೆದ ಒಂದೂವರೆ ದಶಕದಲ್ಲಿ ಸಾಲಿಡ್ ಸ್ಟೇಟ್ ಡ್ರೈವ್ ಅಥವಾ ಎಸ್‌ಎಸ್‌ಡಿ ಎಂಬ ಸಾಧನಕ್ಕೆ ಬಂದು ಸೇರಿವೆ. ಈ ಸಾಧನದ ಬೆಲೆ ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿಯಿತು, ಆ ಇಳಿಕೆಯ ಜೊತೆಗೆ ಅದರ ಗುಣಗಳು ಹೇಗೆ ಬದಲಾದವು, ಈ ಬದಲಾವಣೆಗಳಿಂದ ದಾಖಲೆ ಭಂಡಾರಗಳಿಗೆ ಒದಗಿದ ಲಾಭ ನಷ್ಟಗಳೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೆಲೆಗಳ ಬಗ್ಗೆ ಆರಂಭದಲ್ಲಿಯೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇಲ್ಲಿ ಉಲ್ಲೇಖಿಸಿರುವ ಬೆಲೆಗಳು ಒಂದೇ ಬಗೆಯವಲ್ಲ. ಕೆಲವು ಗಣಕಯಂತ್ರ ತಯಾರಕರಿಗೆ ನೀಡಿದ ಬೆಲೆಗಳು. ಕೆಲವು ೧,೦೦೦ ಘಟಕಗಳ ಸಗಟು ಖರೀದಿಯ ಬೆಲೆಗಳು. ಇನ್ನು ಕೆಲವು ಬಿಡಿ ಗ್ರಾಹಕನಿಗೆ ಘೋಷಿಸಿದ ಬೆಲೆಗಳು. ಎಲ್ಲವೂ ಆಯಾ ಕಾಲದ ಅಮೆರಿಕದ ಡಾಲರುಗಳಲ್ಲಿವೆ, ಹಣದುಬ್ಬರಕ್ಕೆ ಹೊಂದಿಸಿದವುಗಳಲ್ಲ. ಆದುದರಿಂದ ಇವುಗಳನ್ನು ಸೂಕ್ಷ್ಮ ಲೆಕ್ಕಕ್ಕಿಂತ ದಿಕ್ಕನ್ನು ತೋರುವ ಕುರುಹುಗಳಾಗಿ ನೋಡುವುದು ಉಚಿತ.

೧. ಪೂರ್ವೇತಿಹಾಸ

೧೯೫೬ರಲ್ಲಿ ಐಬಿಎಂ ಸಂಸ್ಥೆಯು ರಾಮಾಕ್ ಎಂಬ ಗಣಕಯಂತ್ರದೊಂದಿಗೆ ಮೊದಲ ಹಾರ್ಡ್ ಡಿಸ್ಕನ್ನು ಬಳಕೆಗೆ ತಂದಿತು. ತಿರುಗುವ ತಟ್ಟೆಯ ಮೇಲೆ ಕಾಂತೀಯ ಗುರುತುಗಳನ್ನು ಮೂಡಿಸಿ, ಚಲಿಸುವ ತೋಳಿನಿಂದ ಅವುಗಳನ್ನು ಓದುವುದು ಇದರ ತತ್ತ್ವ. ಸುಮಾರು ಐವತ್ತು ವರ್ಷಗಳ ಕಾಲ ಈ ತತ್ತ್ವಕ್ಕೆ ಸಮರ್ಥ ಪ್ರತಿಸ್ಪರ್ಧಿ ಇರಲಿಲ್ಲ. ಆದರೆ ತಟ್ಟೆ ತಿರುಗಿ, ತೋಳು ಬೇಕಾದ ಸ್ಥಳಕ್ಕೆ ಬಂದು ನಿಲ್ಲುವವರೆಗೆ ಗಣಕಯಂತ್ರ ಕಾಯಲೇಬೇಕಾಗಿತ್ತು. ಚಲಿಸುವ ಭಾಗಗಳಿಲ್ಲದ ಸಂಗ್ರಾಹಕವೊಂದನ್ನು ರೂಪಿಸುವ ಪ್ರಯತ್ನಗಳಿಗೆ ಈ ಕಾಯುವಿಕೆಯೇ ಪ್ರೇರಣೆ.

ಈ ದಿಸೆಯಲ್ಲಿ ೧೯೭೮ರಲ್ಲಿ ಸ್ಟೋರೇಜ್ ಟೆಕ್ನಾಲಜಿ ಸಂಸ್ಥೆ ಹೊರತಂದ ೪೩೦೫ ಎಂಬ ಸಾಧನ ಗಮನಾರ್ಹ. ಅದರ ಸಾಮರ್ಥ್ಯ ೪೫ ಮೆಗಾಬೈಟ್, ಬೆಲೆ ಸುಮಾರು ೪ ಲಕ್ಷ ಡಾಲರ್. ಅಂದರೆ ಒಂದು ಮೆಗಾಬೈಟಿಗೆ ಹೆಚ್ಚುಕಡಿಮೆ ೮,೯೦೦ ಡಾಲರ್. ಇಷ್ಟು ಬೆಲೆ ತೆತ್ತರೂ ವಿದ್ಯುತ್ ನಿಂತರೆ ಉಳಿಯದ ಅರೆವಾಹಕ ಸ್ಮೃತಿಯನ್ನೇ ಅಂದಿನ ಇಂತಹ ಸಾಧನಗಳು ಆಧರಿಸಿದ್ದವು. ದೊಡ್ಡ ಗಣಕಗಳ ವೇಗವನ್ನು ಹೆಚ್ಚಿಸುವುದಷ್ಟೇ ಇವುಗಳ ಕೆಲಸವಾಗಿತ್ತು. ಕಾಪಿಡುವ ಹೊಣೆ ತಟ್ಟೆಗಳದೇ ಆಗಿತ್ತು.

ವಿದ್ಯುತ್ ಇಲ್ಲದಿದ್ದಾಗಲೂ ನೆನಪನ್ನು ಉಳಿಸಿಕೊಳ್ಳುವ ಅರೆವಾಹಕದ ಮೂಲ ಕಲ್ಪನೆ ೧೯೬೭ರದು. ಆ ವರ್ಷ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡಾವನ್ ಕಾಂಗ್ ಮತ್ತು ಸೈಮನ್ ಝೀ ಅವರು ತೇಲುವ ದ್ವಾರವುಳ್ಳ ಟ್ರಾನ್ಸಿಸ್ಟರನ್ನು ರೂಪಿಸಿದರು. ನಿರೋಧಕ ಪದರಗಳ ನಡುವೆ ಎಲೆಕ್ಟ್ರಾನುಗಳನ್ನು ಸೆರೆಹಿಡಿದು, ಅವು ಇವೆಯೇ ಇಲ್ಲವೇ ಎಂಬುದನ್ನೇ ಗುರುತಾಗಿ ಬಳಸುವ ಉಪಾಯವಿದು. ಈ ಉಪಾಯವನ್ನು ಅಗ್ಗದ, ದಟ್ಟವಾದ ಸ್ಮೃತಿಯಾಗಿ ಬೆಳೆಸಿದವರು ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುವೊಕ. ೧೯೮೪ರಲ್ಲಿ ಅವರು ಫ್ಲಾಶ್ ಸ್ಮೃತಿಯನ್ನೂ, ೧೯೮೭ರಲ್ಲಿ ಅದರ ನ್ಯಾಂಡ್ ಎಂಬ ಪ್ರಭೇದವನ್ನೂ ವಿದ್ವತ್ ಸಮ್ಮೇಳನಗಳಲ್ಲಿ ಮಂಡಿಸಿದರು. ಒಂದು ಭಾಗದ ಬರಹವೆಲ್ಲ ಕ್ಯಾಮೆರಾದ ಮಿಂಚಿನಂತೆ ಒಮ್ಮೆಲೇ ಅಳಿದುಹೋಗುವುದರಿಂದ ಫ್ಲಾಶ್ ಎಂಬ ಹೆಸರನ್ನು ಮಸುವೊಕರ ಸಹೋದ್ಯೋಗಿ ಶೋಜಿ ಅರಿಝುಮಿ ಸೂಚಿಸಿದರೆಂದು ಪ್ರಸಿದ್ಧವಾಗಿದೆ. ಹೆಸರು ಬಂದುದು ಬರೆಯುವ ಗುಣದಿಂದಲ್ಲ, ಅಳಿಸುವ ಗುಣದಿಂದ ಎಂಬುದು ಇಲ್ಲಿ ಗಮನಿಸತಕ್ಕ ಅಂಶ.

ಈ ಶೋಧದ ಆರ್ಥಿಕ ಫಲ ಶೋಧಕನಿಗಾಗಲಿ, ಕಡೆಗೆ ಆತನ ಸಂಸ್ಥೆಗಾಗಲಿ ಪೂರ್ಣವಾಗಿ ದಕ್ಕಲಿಲ್ಲ. ೧೯೯೪ರಲ್ಲಿ ತೋಷಿಬಾವನ್ನು ತೊರೆದು ತೊಹೊಕು ವಿಶ್ವವಿದ್ಯಾಲಯಕ್ಕೆ ಹೋದ ಮಸುವೊಕ ೨೦೦೪ರಲ್ಲಿ ಸೂಕ್ತ ಪ್ರತಿಫಲಕ್ಕಾಗಿ ನ್ಯಾಯಾಲಯದ ಮೊರೆಹೋದರು; ೨೦೦೬ರಲ್ಲಿ ೮.೭ ಕೋಟಿ ಯೆನ್‌ಗೆ ರಾಜಿಯಾಯಿತು. ೨೦೧೮ರಲ್ಲಿ ತೋಷಿಬಾ ತನ್ನ ಸ್ಮೃತಿ ಉದ್ಯಮವನ್ನೇ ಹೂಡಿಕೆದಾರರ ಕೂಟವೊಂದಕ್ಕೆ ಮಾರಿತು. ಅದು ೨೦೧೯ರಿಂದ ಕಿಯೋಕ್ಸಿಯಾ ಎಂಬ ಹೆಸರಿನಲ್ಲಿ ಮುಂದುವರಿದಿದೆ.

೨. ಮಾರುಕಟ್ಟೆಯ ಪ್ರವೇಶ

ಫ್ಲಾಶ್ ಸ್ಮೃತಿಯನ್ನು ಹಾರ್ಡ್ ಡಿಸ್ಕಿನ ಸ್ಥಾನದಲ್ಲಿ ಕೂರಿಸುವ ಕೆಲಸವನ್ನು ಕೈಗೆತ್ತಿಕೊಂಡವರಲ್ಲಿ ಎಲಿ ಹರಾರಿ, ಭಾರತ ಮೂಲದ ಸಂಜಯ್ ಮೆಹರೋತ್ರಾ ಮತ್ತು ಜಾಕ್ ಯುವಾನ್ ಮುಖ್ಯರು. ೧೯೮೮ರಲ್ಲಿ ಅವರು ಸ್ಥಾಪಿಸಿದ ಸನ್‌ಡಿಸ್ಕ್ ಸಂಸ್ಥೆ ೧೯೯೫ರಿಂದ ಸ್ಯಾನ್‌ಡಿಸ್ಕ್ ಎನಿಸಿಕೊಂಡಿತು. ೧೯೯೧ರಲ್ಲಿ ಈ ಸಂಸ್ಥೆಯು ಐಬಿಎಂಗೆ ಪೂರೈಸಿದ ೨೦ ಮೆಗಾಬೈಟ್ ಸಾಮರ್ಥ್ಯದ ಡ್ರೈವಿನ ಬೆಲೆ ಸುಮಾರು ೧,೦೦೦ ಡಾಲರ್. ಮೆಗಾಬೈಟಿಗೆ ೫೦ ಡಾಲರ್. ಇಂದಿನ ಅಳತೆಯಲ್ಲಿ ಹೇಳುವುದಾದರೆ ಒಂದು ಜಿಗಾಬೈಟಿಗೆ ೫೦,೦೦೦ ಡಾಲರ್.

ಈ ಬೆಲೆಯಲ್ಲಿ ಸಾಮಾನ್ಯ ಗ್ರಾಹಕ ಇದರ ಕಡೆ ತಿರುಗಿ ನೋಡುವಂತಿರಲಿಲ್ಲ. ೧೯೯೦ರ ದಶಕದುದ್ದಕ್ಕೂ ಫ್ಲಾಶ್ ಡ್ರೈವುಗಳ ಮುಖ್ಯ ಗ್ರಾಹಕರು ಸೇನೆ, ವಿಮಾನ ಮತ್ತು ಕೈಗಾರಿಕಾ ಕ್ಷೇತ್ರದವರು. ಅಲುಗಾಟ, ಧೂಳು, ಉಷ್ಣತೆಗಳ ನಡುವೆ ತಟ್ಟೆ ಕೆಡುತ್ತಿದ್ದ ಕಡೆಗಳಲ್ಲಿ ಬೆಲೆ ಗೌಣವಾಗಿತ್ತು. ಇಸ್ರೇಲಿನ ಎಂ-ಸಿಸ್ಟಮ್ಸ್ ಸಂಸ್ಥೆ ಈ ವಲಯದಲ್ಲಿ ಹೆಸರು ಮಾಡಿತು. ಫ್ಲಾಶನ್ನು ಗಣಕಯಂತ್ರಕ್ಕೆ ಹಾರ್ಡ್ ಡಿಸ್ಕಿನಂತೆಯೇ ಕಾಣಿಸುವ ಅನುವಾದ ಪದರದ ತಂತ್ರವೂ ಈ ದಶಕದಲ್ಲಿಯೇ ರೂಪುಗೊಂಡಿತು. ಹೊಸ ಸಾಧನವು ಹಳೆಯ ಸಾಧನದ ವೇಷ ತೊಟ್ಟು ಬಂದುದರಿಂದ ಗಣಕಯಂತ್ರಗಳನ್ನು ಬದಲಿಸದೆಯೇ ಅದು ಒಳಸೇರಲು ಸಾಧ್ಯವಾಯಿತು.

ಫ್ಲಾಶಿನ ಬೆಲೆಯನ್ನು ನಿಜವಾಗಿ ಇಳಿಸಿದುದು ಗಣಕಯಂತ್ರವಲ್ಲ. ಕ್ಯಾಮೆರಾ ಮತ್ತು ಸಂಗೀತ. ಡಿಜಿಟಲ್ ಕ್ಯಾಮೆರಾದ ಕಾರ್ಡುಗಳು, ಪೆನ್‌ಡ್ರೈವುಗಳು ಬೇಡಿಕೆಯನ್ನು ಬೆಳೆಸಿದವು. ೨೦೦೫ರ ಸೆಪ್ಟೆಂಬರಿನಲ್ಲಿ ಆಪಲ್ ಸಂಸ್ಥೆಯು ಐಪಾಡ್ ನ್ಯಾನೋ ಎಂಬ ಹಾಡು ಕೇಳುವ ಸಾಧನವನ್ನು ೨ ಜಿಗಾಬೈಟಿಗೆ ೧೯೯ ಡಾಲರ್, ೪ ಜಿಗಾಬೈಟಿಗೆ ೨೪೯ ಡಾಲರಿನಂತೆ ಹೊರತಂದಿತು. ಅದೇ ವರ್ಷದ ನವೆಂಬರಿನಲ್ಲಿ ಫ್ಲಾಶ್ ಪೂರೈಕೆಗಾಗಿ ಐದು ತಯಾರಕ ಸಂಸ್ಥೆಗಳಿಗೆ ಒಟ್ಟು ೧೨೫ ಕೋಟಿ ಡಾಲರುಗಳನ್ನು ಮುಂಗಡವಾಗಿ ಕೊಡುವುದಾಗಿ ಪ್ರಕಟಿಸಿತು. ಜನ ಜೇಬಿನಲ್ಲಿ ಹಾಡು ಇಟ್ಟುಕೊಳ್ಳಬಯಸಿದ್ದರಿಂದ ಕಾರ್ಖಾನೆಗಳು ಎದ್ದವು. ಆ ಕಾರ್ಖಾನೆಗಳಿಂದ ಗಣಕಯಂತ್ರದ ಸ್ಮೃತಿಯೂ ಅಗ್ಗವಾಯಿತು.

೩. ಗ್ರಾಹಕ ಡ್ರೈವಿನ ಉದಯ: ೨೦೦೬–೨೦೦೯

೨೦೦೬ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯು ೩೨ ಜಿಗಾಬೈಟಿನ ಎಸ್‌ಎಸ್‌ಡಿ ಅಳವಡಿಸಿದ ಲ್ಯಾಪ್‌ಟಾಪನ್ನು ಕೊರಿಯಾದಲ್ಲಿ ಮಾರಾಟಕ್ಕೆ ತಂದಿತು. ೨೦೦೭ರಲ್ಲಿ ಅಸುಸ್ ಸಂಸ್ಥೆಯ ಈಪಿಸಿ ಎಂಬ ಪುಟ್ಟ ಗಣಕ ೪ ಜಿಗಾಬೈಟಿನ ಫ್ಲಾಶನ್ನೇ ನಂಬಿ ಬಂದಿತು. ೨೦೦೮ರ ಜನವರಿಯಲ್ಲಿ ಆಪಲ್ ಸಂಸ್ಥೆಯು ಮ್ಯಾಕ್‌ಬುಕ್ ಏರ್ ಎಂಬ ತೆಳು ಲ್ಯಾಪ್‌ಟಾಪನ್ನು ೧,೭೯೯ ಡಾಲರಿಗೆ ಪರಿಚಯಿಸಿತು. ಅದರೊಳಗಿನ ೮೦ ಜಿಗಾಬೈಟಿನ ಹಾರ್ಡ್ ಡಿಸ್ಕಿನ ಬದಲು ೬೪ ಜಿಗಾಬೈಟಿನ ಎಸ್‌ಎಸ್‌ಡಿ ಬೇಕೆಂದವರು ೯೯೯ ಡಾಲರುಗಳನ್ನು ಹೆಚ್ಚುವರಿಯಾಗಿ ತೆರಬೇಕಾಗಿತ್ತು. ಸಾಮರ್ಥ್ಯ ಕಡಿಮೆ, ಬೆಲೆ ಅತಿ ಹೆಚ್ಚು ಎಂಬ ಈ ಸ್ಥಿತಿ ಎಸ್‌ಎಸ್‌ಡಿಯ ಮೊದಲ ತಲೆಮಾರಿನ ಲಕ್ಷಣವಾಗಿದೆ.

ಎರಡನೆಯ ಘಟ್ಟವನ್ನು ಇಂಟೆಲ್ ಸಂಸ್ಥೆಯ ಎಕ್ಸ್೨೫-ಎಂ ಆರಂಭಿಸಿತು. ೨೦೦೮ರ ಸೆಪ್ಟೆಂಬರಿನಲ್ಲಿ ಬಂದ ೮೦ ಜಿಗಾಬೈಟಿನ ಈ ಡ್ರೈವಿನ ಸಗಟು ಬೆಲೆ ೫೯೫ ಡಾಲರ್. ಸೆಕೆಂಡಿಗೆ ೨೫೦ ಮೆಗಾಬೈಟ್ ಓದುವ, ೭೦ ಮೆಗಾಬೈಟ್ ಬರೆಯುವ ವೇಗ ಇದಕ್ಕಿತ್ತು. ಹತ್ತು ತಿಂಗಳ ನಂತರ, ೨೦೦೯ರ ಜುಲೈನಲ್ಲಿ, ಇದೇ ಸಾಮರ್ಥ್ಯದ ಎರಡನೆಯ ತಲೆಮಾರಿನ ಡ್ರೈವು ೨೨೫ ಡಾಲರಿಗೆ ಬಂದಿತು. ಇಳಿಕೆಗೆ ಮುಖ್ಯ ಕಾರಣ ತಯಾರಿಕೆಯ ಅಳತೆ ೫೦ ನ್ಯಾನೋಮೀಟರಿನಿಂದ ೩೪ ನ್ಯಾನೋಮೀಟರಿಗೆ ಕಿರಿದಾದುದು. ಅದೇ ಗಾತ್ರದ ಸಿಲಿಕಾನಿನಲ್ಲಿ ಹೆಚ್ಚು ಕೋಶಗಳು ಹಿಡಿದರೆ ಪ್ರತಿಯೊಂದು ಕೋಶದ ಬೆಲೆ ತಗ್ಗುತ್ತದೆ. ಜಿಗಾಬೈಟಿನ ಬೆಲೆ ಹೀಗೆ ಸುಮಾರು ೭.೪೪ ಡಾಲರಿನಿಂದ ೨.೮೧ ಡಾಲರಿಗೆ ಬಂದಿತು.

೪. ಒಳಗಿನ ಗುಣವಿಕಾಸ

ಈ ಅವಧಿಯಲ್ಲಿ ಬೆಳೆದ ಗುಣಗಳನ್ನು ಅರಿಯಲು ಫ್ಲಾಶಿನ ಸ್ವಭಾವದ ಪರಿಚಯ ಅಗತ್ಯ. ಹಾರ್ಡ್ ಡಿಸ್ಕಿನಲ್ಲಿ ಹಳೆಯ ಬರಹದ ಮೇಲೆಯೇ ಹೊಸದನ್ನು ಬರೆಯಬಹುದು. ಫ್ಲಾಶಿನಲ್ಲಿ ಅದು ಸಾಧ್ಯವಿಲ್ಲ. ಬರೆಯುವುದು ಪುಟಪುಟವಾಗಿ, ಅಳಿಸುವುದು ನೂರಾರು ಪುಟಗಳ ಒಂದು ಖಂಡವಾಗಿ. ಸ್ಲೇಟಿನ ಮೇಲಿನ ಒಂದಕ್ಷರವನ್ನು ತಿದ್ದಲು ಇಡೀ ಸ್ಲೇಟನ್ನು ಒರೆಸಬೇಕಾದಂತೆ. ಇದರ ಜೊತೆಗೆ, ಪ್ರತಿ ಸಲ ಅಳಿಸಿ ಬರೆದಾಗಲೂ ಕೋಶದ ನಿರೋಧಕ ಪದರ ತುಸು ಸವೆಯುತ್ತದೆ.

ಈ ಎರಡು ದೋಷಗಳನ್ನು ಮರೆಮಾಡುವುದೇ ಡ್ರೈವಿನೊಳಗಿನ ಕಂಟ್ರೋಲರ್ ಎಂಬ ಚಿಪ್ಪಿನ ಕೆಲಸ. ಒಂದೇ ಕಡೆ ಮತ್ತೆ ಮತ್ತೆ ಬರೆಯದೆ ಸವೆತವನ್ನು ಎಲ್ಲ ಕೋಶಗಳಿಗೂ ಸಮನಾಗಿ ಹಂಚುವುದು, ಬಳಕೆದಾರನಿಗೆ ಕಾಣದಂತೆ ಕೆಲವು ಖಂಡಗಳನ್ನು ಮೀಸಲಿಡುವುದು, ಬೇಡವಾದ ಪುಟಗಳನ್ನು ಬಿಡುವಿನ ವೇಳೆಯಲ್ಲಿ ಒಟ್ಟುಗೂಡಿಸಿ ಅಳಿಸುವುದು, ತಪ್ಪಾಗಿ ಓದಿದುದನ್ನು ಗಣಿತದ ನೆರವಿನಿಂದ ಸರಿಪಡಿಸುವುದು ಇವೆಲ್ಲ ಅದರ ಹೊಣೆ. ೨೦೦೮ರ ಸುಮಾರಿಗೆ ಬಂದ ಕೆಲವು ಅಗ್ಗದ ಡ್ರೈವುಗಳಲ್ಲಿ ದುರ್ಬಲ ಕಂಟ್ರೋಲರಿನಿಂದಾಗಿ ಗಣಕಯಂತ್ರ ಆಗಾಗ ಕ್ಷಣಕಾಲ ಸ್ತಬ್ಧವಾಗುತ್ತಿತ್ತು. ಡ್ರೈವಿನ ಯೋಗ್ಯತೆಯನ್ನು ನಿರ್ಧರಿಸುವುದು ಫ್ಲಾಶ್ ಮಾತ್ರವಲ್ಲ, ಅದನ್ನು ಆಳುವ ಕಂಟ್ರೋಲರ್ ಕೂಡ ಎಂಬ ಅರಿವು ಆಗ ಮೂಡಿತು. ೨೦೦೯ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ವಿಂಡೋಸ್ ೭, ಟ್ರಿಮ್ ಎಂಬ ಆದೇಶದ ಮೂಲಕ ಯಾವ ಕಡತಗಳು ಅಳಿಸಲ್ಪಟ್ಟಿವೆ ಎಂಬುದನ್ನು ಡ್ರೈವಿಗೆ ತಿಳಿಸತೊಡಗಿತು. ಬಳಸುತ್ತ ಹೋದಂತೆ ನಿಧಾನವಾಗುತ್ತಿದ್ದ ಡ್ರೈವುಗಳ ಸಮಸ್ಯೆ ಇದರಿಂದ ಬಹುಮಟ್ಟಿಗೆ ತಗ್ಗಿತು. ಆದರೆ ಇಂಟೆಲ್ ಈ ಸೌಲಭ್ಯವನ್ನು ತನ್ನ ಎರಡನೆಯ ತಲೆಮಾರಿನ ಡ್ರೈವಿಗೆ ನೀಡಿತೇ ಹೊರತು, ವರ್ಷದ ಹಿಂದೆ ಎರಡೂವರೆ ಪಟ್ಟು ಬೆಲೆ ತೆತ್ತು ಕೊಂಡವರ ಮೊದಲ ತಲೆಮಾರಿಗೆ ನೀಡಲಿಲ್ಲ.

೫. ಕೊಳಗದ ಲೆಕ್ಕ

ಕೋಶವನ್ನು ಕಿರಿದುಗೊಳಿಸುವುದು ಬೆಲೆ ಇಳಿಸುವ ಒಂದು ದಾರಿಯಾದರೆ, ಒಂದೇ ಕೋಶದಲ್ಲಿ ಹೆಚ್ಚು ಗುರುತುಗಳನ್ನು ತುಂಬುವುದು ಇನ್ನೊಂದು ದಾರಿ. ಇದನ್ನು ಕಾಳು ಅಳೆಯುವ ಕೊಳಗದ ಹೋಲಿಕೆಯಿಂದ ವಿವರಿಸಬಹುದು. ಕೊಳಗ ಬರಿದಾಗಿದೆಯೇ, ತುಂಬಿದೆಯೇ ಎಂಬುದನ್ನಷ್ಟೇ ನೋಡಿದರೆ ಸಿಗುವುದು ಒಂದು ಬಿಟ್ ಮಾಹಿತಿ. ಇದು ಎಸ್‌ಎಲ್‌ಸಿ. ಒಳಗೋಡೆಯಲ್ಲಿ ಗೀರು ಹಾಕಿ ನಾಲ್ಕು ಮಟ್ಟಗಳನ್ನು ಗುರುತಿಸಿದರೆ ಅದೇ ಕೊಳಗದಲ್ಲಿ ಎರಡು ಬಿಟ್ಟುಗಳು ಸಿಗುತ್ತವೆ, ಇದು ಎಂಎಲ್‌ಸಿ. ಎಂಟು ಮಟ್ಟಗಳಾದರೆ ಮೂರು ಬಿಟ್ಟು, ಟಿಎಲ್‌ಸಿ. ಹದಿನಾರು ಮಟ್ಟಗಳಾದರೆ ನಾಲ್ಕು ಬಿಟ್ಟು, ಕ್ಯೂಎಲ್‌ಸಿ.

ಈ ಲೆಕ್ಕದಲ್ಲಿ ಲಾಭ ಮತ್ತು ಹೊರೆ ಸಮನಾಗಿ ಬೆಳೆಯುವುದಿಲ್ಲ. ಒಂದರಿಂದ ಎರಡು ಬಿಟ್ಟಿಗೆ ಹೋದಾಗ ಸಾಮರ್ಥ್ಯ ಇಮ್ಮಡಿ. ಎರಡರಿಂದ ಮೂರಕ್ಕೆ ಹೋದಾಗ ಹೆಚ್ಚಳ ಅರ್ಧದಷ್ಟು. ಮೂರರಿಂದ ನಾಲ್ಕಕ್ಕೆ ಮೂರನೆಯ ಒಂದರಷ್ಟು ಮಾತ್ರ. ಆದರೆ ಗುರುತಿಸಬೇಕಾದ ಮಟ್ಟಗಳು ಪ್ರತಿ ಸಲವೂ ಇಮ್ಮಡಿಯಾಗುತ್ತವೆ. ಗೀರುಗಳು ಹತ್ತಿರವಾದಷ್ಟೂ ಒಂದು ಹಿಡಿ ಕಾಳು ಸೋರಿದರೂ ಲೆಕ್ಕ ತಪ್ಪುತ್ತದೆ. ಎಲೆಕ್ಟ್ರಾನುಗಳ ವಿಷಯದಲ್ಲಿ ನಡೆದುದೂ ಇದೇ. ಎಸ್‌ಎಲ್‌ಸಿ ಕೋಶ ಸುಮಾರು ಒಂದು ಲಕ್ಷ ಸಲ ಅಳಿಸಿ ಬರೆಯುವುದನ್ನು ತಾಳುತ್ತದೆಂದು ಹೇಳಲಾಗುತ್ತಿದ್ದರೆ, ಎಂಎಲ್‌ಸಿಯಲ್ಲಿ ಅದು ಕೆಲವು ಸಾವಿರಗಳಿಗೆ ಇಳಿಯಿತು. ಟಿಎಲ್‌ಸಿಯ ಆರಂಭದಲ್ಲಿ ಸಾವಿರದ ಆಸುಪಾಸಿಗೆ ಬಂದಿತು.

೨೦೧೨ರಲ್ಲಿ ಸ್ಯಾಮ್‌ಸಂಗ್‌ನ ೮೪೦ ಮಾದರಿಯು ಟಿಎಲ್‌ಸಿಯನ್ನು ಗ್ರಾಹಕ ಡ್ರೈವಿಗೆ ತಂದಿತು. ಅದಕ್ಕೆ ಕೊಟ್ಟ ಖಾತರಿ ೩ ವರ್ಷ. ಮರುವರ್ಷದ ೮೪೦ ಇವೊ ಮಾದರಿಯಲ್ಲಿ ಫ್ಲಾಶಿನ ಒಂದು ಭಾಗವನ್ನು ಎಸ್‌ಎಲ್‌ಸಿಯಂತೆ ಬಳಸಿ, ಬರಹವನ್ನು ಮೊದಲು ಅಲ್ಲಿ ಬೇಗನೆ ಸ್ವೀಕರಿಸಿ ಆಮೇಲೆ ನಿಧಾನವಾಗಿ ಒಳಗೆ ಸಾಗಿಸುವ ಉಪಾಯವನ್ನು ಅಳವಡಿಸಲಾಯಿತು. ಮುಂದೆ ಇದು ಹೆಚ್ಚುಕಡಿಮೆ ಎಲ್ಲ ಗ್ರಾಹಕ ಡ್ರೈವುಗಳ ಸಾಮಾನ್ಯ ಗುಣವಾಯಿತು. ಇದೇ ೨೦೧೩ರಲ್ಲಿ ಕ್ರೂಷಿಯಲ್ ಸಂಸ್ಥೆಯ ಎಂ೫೦೦ ಮಾದರಿಯ ೯೬೦ ಜಿಗಾಬೈಟಿನ ಡ್ರೈವು ಸುಮಾರು ೬೦೦ ಡಾಲರಿಗೆ ಬಂದು, ಜಿಗಾಬೈಟಿನ ಬೆಲೆಯನ್ನು ೬೩ ಸೆಂಟುಗಳ ಮಟ್ಟಕ್ಕೆ ತಂದಿತು.

೬. ನೆಲದಿಂದ ಮಹಡಿಗೆ

ಅಗ್ಗವಾದಂತೆಲ್ಲ ಬಾಳಿಕೆ ಕುಗ್ಗುತ್ತದೆ ಎಂಬ ಏಕಮುಖ ತೀರ್ಮಾನಕ್ಕೆ ಈ ಚರಿತ್ರೆ ಅವಕಾಶ ಕೊಡುವುದಿಲ್ಲ. ೨೦೧೩ರ ಆಗಸ್ಟಿನಲ್ಲಿ ಸ್ಯಾಮ್‌ಸಂಗ್ ೨೪ ಪದರಗಳ ಮೂರು ಆಯಾಮದ ಫ್ಲಾಶಿನ ತಯಾರಿಕೆಯನ್ನು ಪ್ರಕಟಿಸಿತು. ಇಂತಹ ರಚನೆಯ ಕಲ್ಪನೆಯನ್ನು ೨೦೦೭ರಲ್ಲಿಯೇ ತೋಷಿಬಾ ಮಂಡಿಸಿತ್ತು. ನಿವೇಶನ ಸಾಲದ ಊರಿನಲ್ಲಿ ಮನೆಗಳನ್ನು ಕಿರಿದಾಗಿಸುವ ಬದಲು ಮಹಡಿ ಎತ್ತಿದಂತೆ, ಕೋಶಗಳನ್ನು ಒಂದರ ಮೇಲೊಂದು ಜೋಡಿಸಲಾಯಿತು. ಮೇಲಕ್ಕೆ ಬೆಳೆಯಲು ಅವಕಾಶ ಸಿಕ್ಕಿದುದರಿಂದ ಪ್ರತಿ ಕೋಶವನ್ನು ಮತ್ತೆ ದೊಡ್ಡದಾಗಿ ಮಾಡಲು ಸಾಧ್ಯವಾಯಿತು, ಅದರಲ್ಲಿ ಹೆಚ್ಚು ಎಲೆಕ್ಟ್ರಾನುಗಳಿಗೆ ಸ್ಥಳ ದೊರೆಯಿತು, ಬಾಳಿಕೆ ಸುಧಾರಿಸಿತು. ೨೦೧೪ರ ೮೫೦ ಪ್ರೊ ಮಾದರಿಗೆ ೧೦ ವರ್ಷಗಳ ಖಾತರಿಯನ್ನೂ, ಅದೇ ವರ್ಷದ ಕೊನೆಗೆ ಬಂದ ಟಿಎಲ್‌ಸಿಯ ೮೫೦ ಇವೊ ಮಾದರಿಗೆ ೫ ವರ್ಷಗಳ ಖಾತರಿಯನ್ನೂ ನೀಡಿದುದು ಈ ಮಾತಿಗೆ ಸಾಕ್ಷಿ. ಎರಡು ವರ್ಷಗಳ ಹಿಂದೆ ೩ ವರ್ಷಗಳ ಭರವಸೆ ಪಡೆದಿದ್ದ ಟಿಎಲ್‌ಸಿ, ರಚನೆ ಬದಲಾದೊಡನೆ ೫ ವರ್ಷಗಳ ಭರವಸೆಗೆ ಅರ್ಹವಾಯಿತು.

ಹೀಗೆ ದೊರೆತ ಬಾಳಿಕೆಯ ಉಳಿತಾಯವನ್ನು ಉದ್ಯಮ ಬಹುಕಾಲ ಹಾಗೆಯೇ ಬಿಡಲಿಲ್ಲ. ಪದರಗಳು ೬೪ಕ್ಕೆ ಏರುವ ಹೊತ್ತಿಗೆ ಅದನ್ನು ಕ್ಯೂಎಲ್‌ಸಿಗಾಗಿ ಖರ್ಚು ಮಾಡಲಾಯಿತು. ೨೦೧೮ರ ಆಗಸ್ಟಿನಲ್ಲಿ ಬಂದ ಇಂಟೆಲ್ ೬೬೦ಪಿ ಮಾದರಿಯ ೧ ಟೆರಾಬೈಟಿನ ಡ್ರೈವಿಗೆ ಘೋಷಿಸಿದ ಬೆಲೆ ೨೦೦ ಡಾಲರ್. ಅಂದರೆ ಜಿಗಾಬೈಟಿಗೆ ೨೦ ಸೆಂಟ್. ೧೯೯೧ರ ಬೆಲೆಯ ಎರಡೂವರೆ ಲಕ್ಷದಲ್ಲಿ ಒಂದು ಪಾಲು. ಆದರೆ ೫ ವರ್ಷಗಳ ಖಾತರಿಯಲ್ಲಿ ಅದಕ್ಕೆ ಅನುಮತಿಸಿದ ಒಟ್ಟು ಬರಹ ೨೦೦ ಟೆರಾಬೈಟ್, ಅಂದರೆ ಡ್ರೈವನ್ನು ಇನ್ನೂರು ಸಲ ತುಂಬುವಷ್ಟು. ಎಸ್‌ಎಲ್‌ಸಿಯಂತೆ ಬಳಸುವ ಭಾಗ ತುಂಬಿದ ಬಳಿಕ ಇಂತಹ ಡ್ರೈವುಗಳ ಬರೆಯುವ ವೇಗ ಹಾರ್ಡ್ ಡಿಸ್ಕಿನ ಮಟ್ಟಕ್ಕೆ ಇಳಿಯುವುದೂ ಉಂಟು. ಪದರಗಳ ಸಂಖ್ಯೆ ೨೦೨೦ರಲ್ಲಿ ೧೭೬ಕ್ಕೂ, ೨೦೨೨ರಲ್ಲಿ ೨೩೨ಕ್ಕೂ ಏರಿ, ೨೦೨೪ರ ನವೆಂಬರಿನಲ್ಲಿ ಎಸ್‌ಕೆ ಹೈನಿಕ್ಸ್ ೩೨೧ ಪದರಗಳ ಫ್ಲಾಶಿನ ತಯಾರಿಕೆಯನ್ನು ಪ್ರಕಟಿಸಿತು.

ಈ ಅವಧಿಯಲ್ಲಿಯೇ ಡ್ರೈವು ತನ್ನ ಹಳೆಯ ವೇಷವನ್ನೂ ಕಳಚಿತು. ಹಾರ್ಡ್ ಡಿಸ್ಕಿಗಾಗಿ ಮಾಡಿದ ಸಾಟಾ ಸಂಪರ್ಕದ ಮಿತಿ ಸೆಕೆಂಡಿಗೆ ಸುಮಾರು ೫೫೦ ಮೆಗಾಬೈಟ್. ಫ್ಲಾಶಿಗೆಂದೇ ರೂಪಿಸಿದ ಎನ್‌ವಿಎಂಇ ಎಂಬ ನಿಯಮಾವಳಿ ೨೦೧೧ರ ಮಾರ್ಚಿನಲ್ಲಿ ಪ್ರಕಟವಾಗಿ, ೨೦೧೫ರಲ್ಲಿ ಗ್ರಾಹಕ ಡ್ರೈವುಗಳಿಗೆ ಬಂದಿತು. ಆ ವರ್ಷದ ಸ್ಯಾಮ್‌ಸಂಗ್ ೯೫೦ ಪ್ರೊ ಸೆಕೆಂಡಿಗೆ ೨,೫೦೦ ಮೆಗಾಬೈಟ್ ಓದಬಲ್ಲುದಾಗಿತ್ತು. ೫೧೨ ಜಿಗಾಬೈಟಿಗೆ ಅದರ ಬೆಲೆ ೩೫೦ ಡಾಲರ್. ೨೦೧೯ರಲ್ಲಿ ಈ ವೇಗ ೫,೦೦೦ಕ್ಕೂ, ೨೦೨೩ರಲ್ಲಿ ೧೦,೦೦೦ಕ್ಕೂ ಏರಿತು. ಇದಕ್ಕೆ ಸಮಾನಾಂತರವಾಗಿ ಗುಣಗಳನ್ನು ಕಳೆದು ಬೆಲೆ ಇಳಿಸುವ ಧಾರೆಯೂ ಬೆಳೆಯಿತು. ಡ್ರೈವಿನೊಳಗಿನ ಡಿರ್‍ಯಾಮ್ ಸ್ಮೃತಿಯನ್ನು ತೆಗೆದು, ಗಣಕಯಂತ್ರದ ಸ್ಮೃತಿಯ ಒಂದು ಚೂರನ್ನು ಎರವಲು ಪಡೆಯುವ ವ್ಯವಸ್ಥೆ ಇದಕ್ಕೊಂದು ನಿದರ್ಶನ. ೨೦೨೧ರಲ್ಲಿ ಹಲವು ತಯಾರಕರು ಮಾದರಿಯ ಹೆಸರನ್ನು ಹಾಗೆಯೇ ಉಳಿಸಿ ಒಳಗಿನ ಫ್ಲಾಶನ್ನೋ ಕಂಟ್ರೋಲರನ್ನೋ ಬದಲಿಸಿದ ಸಂಗತಿಗಳು ಬೆಳಕಿಗೆ ಬಂದವು. ಹೆಸರು ನೋಡಿ ಗುಣ ನಿರ್ಧರಿಸುವ ಖರೀದಿ ಸಮಿತಿಗಳಿಗೆ ಇದು ಎಚ್ಚರಿಕೆಯ ಮಾತು. ಸ್ಯಾನ್‌ಡಿಸ್ಕ್, ಸ್ಯಾಮ್‌ಸಂಗ್ ಮೊದಲಾದ ಸಂಸ್ಥೆಗಳ ವಿನ್ಯಾಸ ಮತ್ತು ಸಂಶೋಧನಾ ಕೇಂದ್ರಗಳು ಬೆಂಗಳೂರಿನಲ್ಲಿರುವುದರಿಂದ ಈ ಗುಣವಿಕಾಸದಲ್ಲಿ ಕರ್ನಾಟಕದ ಶ್ರಮವೂ ಸೇರಿದೆ ಎಂಬುದನ್ನು ಇಲ್ಲಿ ನೆನೆಯಬಹುದು.

೭. ಬೆಲೆ ಇಳಿಯುತ್ತಲೇ ಇರುತ್ತದೆಯೇ?

ತಂತ್ರಜ್ಞಾನದ ವಸ್ತುಗಳ ಬೆಲೆ ಸದಾ ಇಳಿಮುಖವೆಂಬ ನಂಬಿಕೆ ವ್ಯಾಪಕವಾಗಿದೆ. ಎಸ್‌ಎಸ್‌ಡಿಯ ಚರಿತ್ರೆ ಈ ನಂಬಿಕೆಯನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ೨೦೧೧ರಲ್ಲಿ ಥಾಯ್ಲೆಂಡಿನ ನೆರೆಯಿಂದ ಹಾರ್ಡ್ ಡಿಸ್ಕಿನ ಕಾರ್ಖಾನೆಗಳು ಮುಳುಗಿ ಅವುಗಳ ಬೆಲೆ ಏರಿದಾಗ ಎಸ್‌ಎಸ್‌ಡಿಯೊಂದಿಗಿನ ಅಂತರ ತಾತ್ಕಾಲಿಕವಾಗಿ ತಗ್ಗಿತು. ೨೦೧೬–೧೭ರಲ್ಲಿ ಕಾರ್ಖಾನೆಗಳು ಮೂರು ಆಯಾಮದ ತಯಾರಿಕೆಗೆ ಬದಲಾಗುತ್ತಿದ್ದಾಗ ಪೂರೈಕೆ ಕುಸಿದು ಎಸ್‌ಎಸ್‌ಡಿಯ ಬೆಲೆಯೇ ಏರಿತು. ೨೦೨೨–೨೩ರಲ್ಲಿ ಬೇಡಿಕೆ ಕುಗ್ಗಿ ದಾಸ್ತಾನು ಬೆಳೆದುದರಿಂದ ೧ ಟೆರಾಬೈಟಿನ ಕೆಲವು ಡ್ರೈವುಗಳು ೫೦ ಡಾಲರಿಗೂ ಕಡಿಮೆ ಬೆಲೆಗೆ ಸಿಕ್ಕವು. ೨೦೨೩ರಲ್ಲಿ ತಯಾರಕರು ಉತ್ಪಾದನೆಯನ್ನು ಕಡಿತಗೊಳಿಸಿದ ಮೇಲೆ ಬೆಲೆ ಮತ್ತೆ ಮೇಲೆ ಸರಿಯಿತು. ೨೦೨೫ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಗಾಗಿ ಕಟ್ಟುತ್ತಿದ್ದ ಬೃಹತ್ ಗಣಕಕೇಂದ್ರಗಳ ಬೇಡಿಕೆಯಿಂದ ಎಲ್ಲ ಬಗೆಯ ಸ್ಮೃತಿಯ ಬೆಲೆ ತೀವ್ರವಾಗಿ ಏರಿತು. ಆ ವರ್ಷದ ಡಿಸೆಂಬರಿನಲ್ಲಿ ಮೈಕ್ರಾನ್ ಸಂಸ್ಥೆಯು ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರದಿಂದ ಹಿಂದೆ ಸರಿಯುವುದಾಗಿ ಪ್ರಕಟಿಸಿತು. ಹಿಂದೆ ಹಾಡು ಕೇಳುವ ಕೋಟ್ಯಂತರ ಜನರ ಬೇಡಿಕೆ ಈ ವಸ್ತುವನ್ನು ಅಗ್ಗಮಾಡಿತ್ತು. ಈಗ ಕೆಲವೇ ದೊಡ್ಡ ಖರೀದಿದಾರರ ಬೇಡಿಕೆ ಅದನ್ನು ದುಬಾರಿ ಮಾಡಿತು. ಮುಂದಿನ ವರ್ಷ ಇನ್ನೂ ಅಗ್ಗವಾದೀತೆಂದು ಕಾಯುವ ಸಣ್ಣ ದಾಖಲೆ ಭಂಡಾರಗಳ ಲೆಕ್ಕಾಚಾರ ಇಲ್ಲಿ ತಲೆಕೆಳಗಾಗುತ್ತದೆ.

೮. ದಾಖಲೆ ಭಂಡಾರದ ಪ್ರಶ್ನೆ

ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ ೧೯೩೮ರಲ್ಲಿ ಕರ್ನಾಟಕವೂ ಸೇರಿದಂತೆ ದಕ್ಷಿಣ ಭಾರತದಲ್ಲಿ ಸಂಚರಿಸಿ ಸಂಗೀತ ಮತ್ತು ಪ್ರದರ್ಶನ ಕಲೆಗಳನ್ನು ಧ್ವನಿಮುದ್ರಿಸಿಕೊಂಡಿದ್ದರು. ೪೬ ವರ್ಷಗಳ ನಂತರ, ೧೯೮೪ರಲ್ಲಿ, ನಜೀರ್ ಜೈರಾಜ್‌ಭಾಯ್ ಮತ್ತು ಆಮಿ ಕ್ಯಾಟ್ಲಿನ್ ಅವರು ಆ ಧ್ವನಿಮುದ್ರಣಗಳನ್ನು ಆಧರಿಸಿ ಅದೇ ಪ್ರದೇಶಗಳಲ್ಲಿ ಮರುಅಧ್ಯಯನ ನಡೆಸಿದರು. ಹಳೆಯ ಸಾಧನದ ಧ್ವನಿ ಒರಟಾಗಿದ್ದರೂ ಅರ್ಧ ಶತಮಾನದ ಸಮೀಪಕ್ಕೆ ಅದು ಉಳಿದಿತ್ತು ಎಂಬುದರಿಂದಲೇ ಈ ಅಧ್ಯಯನ ಸಾಧ್ಯವಾಯಿತು.

ಇದರ ಎದುರಿಗೆ ಎಸ್‌ಎಸ್‌ಡಿಯ ಮಾನದಂಡವನ್ನು ಇಟ್ಟು ನೋಡಬೇಕು. ಅರೆವಾಹಕ ಉದ್ಯಮದ ಮಾನಕ ಸಂಸ್ಥೆಯಾದ ಜೆಡೆಕ್ ೨೦೧೦ರಲ್ಲಿ ಪ್ರಕಟಿಸಿದ ನಿಯಮದಂತೆ, ತನಗೆ ನಿಗದಿಯಾದ ಬರಹವನ್ನೆಲ್ಲ ಮುಗಿಸಿದ ಗ್ರಾಹಕ ಡ್ರೈವು ವಿದ್ಯುತ್ ಇಲ್ಲದೆ ೩೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮಾಹಿತಿಯನ್ನು ಒಂದು ವರ್ಷ ಉಳಿಸಿಕೊಂಡರೆ ಸಾಕು. ದೊಡ್ಡ ಸಂಸ್ಥೆಗಳಿಗೆ ಮಾಡಿದ ಡ್ರೈವಿಗೆ ೪೦ ಡಿಗ್ರಿಯಲ್ಲಿ ಮೂರು ತಿಂಗಳು ಸಾಕು. ಇದು ಪೂರ್ತಿ ಸವೆದ ಡ್ರೈವಿಗೆ ಸಂಬಂಧಿಸಿದ ಕನಿಷ್ಠ ಮಿತಿ. ಕಡಿಮೆ ಬಳಸಿದ ಡ್ರೈವು ಇದಕ್ಕಿಂತ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ ಎಂಬುದು ನಿಜ. ಆದರೆ ಇಟ್ಟ ಜಾಗದ ಸೆಕೆ ಹೆಚ್ಚಿದಷ್ಟೂ ಎಲೆಕ್ಟ್ರಾನುಗಳ ಸೋರಿಕೆ ಹೆಚ್ಚುತ್ತದೆ. ಬೇಸಿಗೆಯಲ್ಲಿ ೪೦ ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಂತಹ ಊರುಗಳಲ್ಲಿ ಬೀರುವಿನೊಳಗೆ ಇಟ್ಟು ಮರೆತ ಡ್ರೈವಿನ ಬಗ್ಗೆ ನಿಶ್ಚಿಂತೆಯಿಂದ ಇರುವಂತಿಲ್ಲ.

ಈ ಸೋರಿಕೆ ಕೇವಲ ತಾತ್ತ್ವಿಕವಲ್ಲ. ೨೦೧೪ರಲ್ಲಿ ೮೪೦ ಇವೊ ಡ್ರೈವುಗಳಲ್ಲಿ ಬಹುದಿನ ಮುಟ್ಟದೆ ಬಿಟ್ಟ ಕಡತಗಳನ್ನು ಓದುವ ವೇಗ ತೀರ ಕುಸಿಯುತ್ತದೆಂಬುದು ಬಳಕೆದಾರರ ಗಮನಕ್ಕೆ ಬಂದಿತು. ಮಾಹಿತಿ ನಾಶವಾಗಿರಲಿಲ್ಲ; ಕೋಶದ ಮಟ್ಟಗ ಸರಿದುದರಿಂದ ಡ್ರೈವು ಮತ್ತೆ ಮತ್ತೆ ಓದಿ ಸರಿಪಡಿಸಿಕೊಳ್ಳಬೇಕಾಗಿತ್ತು. ತಯಾರಕರು ೨೦೧೪ರ ಅಕ್ಟೋಬರಿನಲ್ಲಿ ಒಂದು ಪರಿಹಾರವನ್ನೂ, ೨೦೧೫ರಲ್ಲಿ ಇನ್ನೊಂದನ್ನೂ ನೀಡಿದರು. ಎರಡನೆಯ ಪರಿಹಾರದ ತಿರುಳು, ಹಳೆಯ ಬರಹವನ್ನು ಡ್ರೈವು ತಾನಾಗಿಯೇ ಆಗಾಗ ಹೊಸದಾಗಿ ಬರೆದುಕೊಳ್ಳುವುದು.

ಜಾನಪದ ವಿದ್ವಾಂಸರಿಗೆ ಈ ಪರಿಹಾರ ಪರಿಚಿತವಾದುದೇ. ಮೌಖಿಕ ಪರಂಪರೆಯಲ್ಲಿ ಕಾವ್ಯ ಉಳಿಯುವುದು ಒಮ್ಮೆ ಕಟ್ಟಿ ಇಟ್ಟುದರಿಂದಲ್ಲ, ಮತ್ತೆ ಮತ್ತೆ ಹಾಡಿದುದರಿಂದ. ತಾಳೆಗರಿಯ ಪಠ್ಯವೂ ಉಳಿದುದು ಕಾಲಕಾಲಕ್ಕೆ ಪ್ರತಿ ಮಾಡಿದ ಲಿಪಿಕಾರರಿಂದ. ಫ್ಲಾಶಿನ ನೆನಪೂ ಹಾಗೆಯೇ ಪುನರಾವರ್ತನೆಯನ್ನು ಬೇಡುತ್ತದೆ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಗಾಯಕನ ಮರುಹಾಡಿಕೆಗೆ ಹಬ್ಬ, ಹರಕೆ, ಸುಗ್ಗಿಗಳು ನೆಪ ಒದಗಿಸುತ್ತವೆ. ಡ್ರೈವಿಗೆ ವಿದ್ಯುತ್ ಕೊಟ್ಟಾಗ ಮಾತ್ರ ಅದು ತನ್ನ ನೆನಪನ್ನು ತಿರುವಿ ಹಾಕಬಲ್ಲದು. ವಿದ್ಯುತ್ ಕೊಡುವ ನೆಪವನ್ನು ಸಂಸ್ಥೆಯೇ ಸೃಷ್ಟಿಸಿಕೊಳ್ಳಬೇಕು. ಯೋಜನೆ ಮುಗಿದು, ಅನುದಾನ ನಿಂತು, ಸಿಬ್ಬಂದಿ ಬದಲಾದ ಕಡೆ ಆ ನೆಪ ಇಲ್ಲವಾಗುತ್ತದೆ.

ಉಪಸಂಹಾರ

ಮೇಲಿನ ಅವಲೋಕನದಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಎಸ್‌ಎಸ್‌ಡಿಯ ಬೆಲೆ ಇಳಿದುದು ಕೋಶವನ್ನು ಕಿರಿದಾಗಿಸುವುದು, ಕೋಶದಲ್ಲಿ ಹೆಚ್ಚು ಮಟ್ಟಗಳನ್ನು ಗುರುತಿಸುವುದು, ಪದರಗಳನ್ನು ಎತ್ತುವುದು ಎಂಬ ಮೂರು ದಾರಿಗಳಿಂದ. ಇವುಗಳಲ್ಲಿ ಮೊದಲ ಎರಡು ಬಾಳಿಕೆಯನ್ನು ಕುಗ್ಗಿಸಿದವು, ಮೂರನೆಯದು ಹಿಗ್ಗಿಸಿತು. ಎರಡನೆಯದಾಗಿ, ಹೊಸ ಗುಣಗಳೆಂದು ಪರಿಚಯಿಸಲ್ಪಟ್ಟ ಹಲವು ಅಂಶಗಳು ಹಿಂದಿನ ಅಗ್ಗತನದಿಂದ ಹುಟ್ಟಿದ ಕೊರತೆಗಳಿಗೆ ಕಂಡುಕೊಂಡ ಪರಿಹಾರಗಳು. ಮೂರನೆಯದಾಗಿ, ವೇಗ ಮತ್ತು ಬೆಲೆಗಳಷ್ಟೇ ಮಾರುಕಟ್ಟೆಯ ಅಳತೆಗೋಲುಗಳಾದ ಕಾರಣ ವಿದ್ಯುತ್ ಇಲ್ಲದೆ ಉಳಿಯುವ ಕಾಲಾವಧಿ ಗ್ರಾಹಕನ ಕಣ್ಣಿಗೆ ಬೀಳುವ ಗುಣವಾಗಿ ಬೆಳೆಯಲೇ ಇಲ್ಲ.

ಇದರಿಂದ ಎಸ್‌ಎಸ್‌ಡಿ ಅನುಪಯುಕ್ತವೆಂದು ತಿಳಿಯಬೇಕಾಗಿಲ್ಲ. ಕ್ಷೇತ್ರಕಾರ್ಯದಲ್ಲಿ ಬಸ್ಸಿನ ಕುಲುಕಾಟವನ್ನೂ ಧೂಳನ್ನೂ ತಾಳಿಕೊಳ್ಳುವಲ್ಲಿ, ದೃಶ್ಯ ದಾಖಲೆಗಳನ್ನು ಸಂಕಲಿಸುವಲ್ಲಿ, ಓದುಗರಿಗೆ ಕಡತಗಳನ್ನು ತಕ್ಷಣ ಒದಗಿಸುವಲ್ಲಿ ಇದಕ್ಕೆ ಸಮನಾದುದು ವಿರಳ. ಆದರೆ ರೈತಾಪಿ ಮನೆಗಳಲ್ಲಿ ಉಣ್ಣುವ ಕಾಳಿಗೆ ಗುಡಾಣ, ವರ್ಷಗಟ್ಟಲೆ ಇಡುವ ಜೋಳಕ್ಕೆ ಹಗೇವು, ಬಿತ್ತನೆಯ ಬೀಜಕ್ಕೆ ಬೂದಿ ಬೆರೆಸಿದ ಬೇರೆಯೇ ಗಡಿಗೆ ಎಂಬ ವಿವೇಕವಿತ್ತು. ದಾಖಲೆ ಭಂಡಾರಗಳಿಗೂ ಈ ವಿವೇಕ ಬೇಕು. ದಿನಬಳಕೆಯ ಪ್ರತಿ ಎಸ್‌ಎಸ್‌ಡಿಯಲ್ಲಿರಲಿ. ಕಾಪಿಡುವ ಪ್ರತಿಗಳು ಹಾರ್ಡ್ ಡಿಸ್ಕಿನಲ್ಲಿ ಮತ್ತು ೩೦ ವರ್ಷಗಳವರೆಗೆ ಬಾಳುವುದೆಂದು ತಯಾರಕರು ಹೇಳುವ ಎಲ್‌ಟಿಒ ಕಾಂತೀಯ ಟೇಪಿನಲ್ಲಿ, ಬೇರೆ ಬೇರೆ ಊರುಗಳಲ್ಲಿರಲಿ. ಪ್ರತಿಯೊಂದನ್ನೂ ಗೊತ್ತಾದ ದಿನದಂದು ತೆರೆದು ಓದಿ ಪರೀಕ್ಷಿಸುವ ಹೊಣೆ ಒಬ್ಬ ಸಿಬ್ಬಂದಿಯ ಹುದ್ದೆಗೆ ಅಂಟಿಕೊಂಡಿರಲಿ. ರಾಮನಗರದ ಜಾನಪದ ಲೋಕದಂತಹ ಸಂಸ್ಥೆಗಳಲ್ಲಿಯೂ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳಲ್ಲಿಯೂ ಇರುವ ಧ್ವನಿಮುದ್ರಣಗಳಲ್ಲಿ ಅನೇಕವು ಈಗ ಬದುಕಿಲ್ಲದ ಕಲಾವಿದರವು. ಅವರನ್ನು ಮತ್ತೆ ಹಾಡಿಸಿಕೊಳ್ಳಲು ಬಾರದು. ಆದುದರಿಂದ ಸಂಗ್ರಾಹಕದ ಖರೀದಿಯ ಟಿಪ್ಪಣಿಯಲ್ಲಿ ಜಿಗಾಬೈಟಿನ ದರದ ಪಕ್ಕದಲ್ಲಿ, ಅದು ಎಷ್ಟು ವರ್ಷಕ್ಕೆ, ಯಾರ ಮೇಲ್ವಿಚಾರಣೆಯಲ್ಲಿ ಎಂಬ ಎರಡು ಕಲಮುಗಳನ್ನು ಸೇರಿಸುವುದು ಇಂದಿನ ತುರ್ತು ಅಗತ್ಯವಾಗಿದೆ.